ಪಾಲಿಗನ್: ಆರು ವರ್ಷಗಳ ಬಳಕೆಯ ನಂತರ

ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಸ್ಪರ್ಧೆಗಳನ್ನು ನಡೆಸುವ ನಾನು ಆರು ವರ್ಷಗಳಿಂದ ಪ್ರಶ್ನೆಗಳನ್ನೆಲ್ಲ, ಇಂಥ ಪ್ರಶ್ನೆಗಳನ್ನು ರೂಪಿಸಲೆಂದೇ ಇರುವ ಪಾಲಿಗನ್ ಎಂಬ ಜಾಲತಾಣದಲ್ಲಿಯೇ ಸಿದ್ಧಪಡಿಸುತ್ತಿದ್ದೇನೆ. 2010ರಿಂದ ಆನ್‌ಲೈನ್ ಪ್ರೋಗ್ರಾಮಿಂಗ್ ಸ್ಪರ್ಧೆಗಳನ್ನು ನಡೆಸುತ್ತ ಬಂದಿರುವ ಕೋಡ್‌ಫೋರ್ಸಸ್ ತಾಣದ ಪ್ರಶ್ನೆಗಳು ರೂಪುಗೊಳ್ಳುವುದೂ ಇಲ್ಲಿಯೇ. ರಷ್ಯಾದ ಸರಾಟೊವ್ ನಗರದ ಮೈಕ್ ಮಿರ್ಜಯಾನೊವ್ ಕಟ್ಟಿದ ಈ ತಾಣಕ್ಕೆ ಶುಲ್ಕವಿಲ್ಲ.

ಇದರ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ, ಟೆಸ್ಟರ್ (ಸ್ಪರ್ಧೆಗೆ ಮೊದಲೇ ಪ್ರಶ್ನೆಯನ್ನು ಪರೀಕ್ಷಿಸಿ ನೋಡುವವರು) ಕೊಡುವ ಅಭಿಪ್ರಾಯಕ್ಕೆ ಇಲ್ಲಿ ಸಿಗುವ ನೆಲೆ. ಮೊದಲೆಲ್ಲ ಸಹೋದ್ಯೋಗಿಗಳು ಪ್ರಶ್ನೆಯನ್ನು ಓದಿ "ಟೆಸ್ಟ್‌ಗಳು ಸಾಲವು" (ಟೆಸ್ಟ್ ಎಂದರೆ ಸ್ಪರ್ಧಿಯ ಕೋಡನ್ನು ಓಡಿಸಿ ನೋಡಲು ಕೊಡುವ ಇನ್‌ಪುಟ್) ಎಂದೋ "ಸಮಯದ ಮಿತಿ ಬಿಗಿಯಾಯಿತು" ಎಂದೋ ಸಂದೇಶ ಕಳುಹಿಸುತ್ತಿದ್ದರು. ಆ ಮಾತು ನಿಜವೇ ಎಂದು ತೂಗಿ ನೋಡುವ ದಾರಿ ನಮಗಿರಲಿಲ್ಲ. ಪಾಲಿಗನ್‌ನಲ್ಲಿ ಟೆಸ್ಟರ್ ತನ್ನ ಅನುಮಾನವನ್ನೇ ಒಂದು ಕೋಡ್ ಆಗಿ ಬರೆದು, ಇದು ತಪ್ಪು ಉತ್ತರ ಕೊಡಬೇಕಾದದ್ದು ಅಥವಾ ಸಮಯ ಮೀರಬೇಕಾದದ್ದು ಎಂಬ ಗುರುತು ಹಚ್ಚಿ ಸೇರಿಸಬಹುದು. ಆಮೇಲೆ ಎಲ್ಲ ಕೋಡ್‌ಗಳನ್ನೂ ಎಲ್ಲ ಟೆಸ್ಟ್‌ಗಳ ಮೇಲೆ ಓಡಿಸಿದರೆ, ಪ್ರತಿಯೊಂದೂ ಎಷ್ಟು ಸಮಯ ಮತ್ತು ಮೆಮೊರಿ ತೆಗೆದುಕೊಂಡಿತು, ಸೋಲಬೇಕಾದದ್ದು ನಿಜಕ್ಕೂ ಸೋತಿತೇ ಎಂಬುದು ಒಂದೇ ಕೋಷ್ಟಕದಲ್ಲಿ ಕಾಣುತ್ತದೆ.

ಇದರ ಬೆಲೆ ನನಗೆ ಅರಿವಾದದ್ದು ನಾನೇ ಬರೆದ ಒಂದು ಪ್ರಶ್ನೆಯಿಂದ. 2 ಲಕ್ಷ ನೋಡ್‌ಗಳ (ಬಿಂದುಗಳ) ಮರ, ಅಂದರೆ ವಂಶವೃಕ್ಷದಂತೆ ಕವಲೊಡೆಯುವ ರಚನೆ; ಅಷ್ಟೇ ಸಂಖ್ಯೆಯ ನೋಡ್ ಜೋಡಿಗಳು. ಪ್ರತಿ ಜೋಡಿಗೂ ಅತಿ ಹತ್ತಿರದ ಸಾಮಾನ್ಯ ಪೂರ್ವಜನನ್ನು ಹುಡುಕಬೇಕು. ಪ್ರತಿ ನೋಡ್‌ಗೂ ಅದರ ಹಿಂದಿನವುಗಳಲ್ಲೊಂದನ್ನು ಯಾದೃಚ್ಛಿಕವಾಗಿ ಆರಿಸಿ ತಂದೆಯನ್ನಾಗಿಸುವ ಜನರೇಟರ್ (ಟೆಸ್ಟ್‌ಗಳನ್ನು ತಯಾರಿಸುವ ಪ್ರೋಗ್ರಾಂ) ಬರೆದು, ಮೂವತ್ತು ದೊಡ್ಡ ಟೆಸ್ಟ್‌ಗಳನ್ನು ಮಾಡಿ ನೆಮ್ಮದಿಯಿಂದಿದ್ದೆ. ಟೆಸ್ಟರ್ ಆಗಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತುವ ಅತಿ ಸರಳ ಕೋಡ್ ಬರೆದು, ಸಮಯ ಮೀರಬೇಕು ಎಂಬ ಗುರುತಿನೊಂದಿಗೆ ಸೇರಿಸಿದಳು. ಅದು ಎಲ್ಲ ಟೆಸ್ಟ್‌ಗಳನ್ನೂ ಸಲೀಸಾಗಿ ದಾಟಿತು. ಹಾಗೆ ಬೆಳೆಸಿದ ಮರ ತೀರ ಗಿಡ್ಡಗಿರುತ್ತದೆ: 2 ಲಕ್ಷ ನೋಡ್‌ಗಳಿದ್ದರೂ ಬೇರಿನಿಂದ ಒಂದು ನೋಡ್‌ಗೆ ಸರಾಸರಿ ಸುಮಾರು 12 ಹೆಜ್ಜೆ ಮಾತ್ರ. ಟೆಸ್ಟ್‌ಗಳ ಸಂಖ್ಯೆಯನ್ನು ಮುನ್ನೂರಕ್ಕೆ ಏರಿಸಿದ್ದರೂ ಫಲ ಅದೇ ಆಗುತ್ತಿತ್ತು. ಪಾಲಿಗನ್‌ನೊಂದಿಗೆ ಬರುವ ಟೆಸ್ಟ್‌ಲಿಬ್ ಎಂಬ ಸಿ++ ಲೈಬ್ರರಿಯಲ್ಲಿ ಡಬ್ಲ್ಯುನೆಕ್ಸ್ಟ್ ಎಂಬ ಫಂಕ್ಷನ್ ಇದೆ; ಹಲವು ಬಾರಿ ಆರಿಸಿ ಅವುಗಳಲ್ಲಿ ದೊಡ್ಡದನ್ನು ಹಿಡಿಯುವ ಅದರ ಕ್ರಮದಿಂದ ತಂದೆ ಸಮೀಪದ ನೋಡ್ ಆಗಿ, ಮರ ಉದ್ದವಾಗಿ ಬೆಳೆಯುತ್ತದೆ. ಜನರೇಟರ್‌ನ ಆ ಒಂದು ಸಾಲನ್ನು ಬದಲಿಸಿದ ಮೇಲೆ ಅವಳ ಕೋಡ್ ಸೋತಿತು. ಅವಳ ಆ ಕೋಡ್ ಇಂದಿಗೂ ಆ ಪ್ರಶ್ನೆಯೊಳಗೇ ಇದೆ. ನಾಳೆ ಯಾರಾದರೂ ಟೆಸ್ಟ್‌ಗಳನ್ನು ತಿದ್ದಿದರೆ ಅದೇ ಕಾವಲು ಕಾಯುತ್ತದೆ.

ಇನ್‌ಪುಟ್ ನಾವು ಹೇಳಿದ ಮಿತಿಯೊಳಗೇ ಇದೆಯೇ ಎಂದು ನೋಡುವ ವ್ಯಾಲಿಡೇಟರ್, ಸಾಲಿನ ಕೊನೆಯ ಒಂದು ಹೆಚ್ಚುವರಿ ಸ್ಪೇಸನ್ನೂ ಬಿಡುವುದಿಲ್ಲ. ಆರಂಭದಲ್ಲಿ ಇದು ಅತಿಯಾಯಿತೆನಿಸಿದರೂ, ಈಗ ನಾನು ವ್ಯಾಲಿಡೇಟರ್ ಬರೆದ ಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕುತ್ತೇನೆ.

ಸ್ಪರ್ಧಿಯ ಕೋಡ್ ಕೊಟ್ಟ ಉತ್ತರ ಸರಿಯೇ ಎಂದು ನೋಡುವ ಚೆಕರ್ ವಿಷಯದಲ್ಲಿ ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಕಂಪನಿಯೊಂದರ ನೇಮಕಾತಿಗಾಗಿ ಬೇರೊಂದು ತಾಣದಲ್ಲಿ ಬರೆದ ಪರೀಕ್ಷೆಯಲ್ಲಿ, ಅತಿ ಕಡಿಮೆ ದೂರದ ಯಾವುದಾದರೂ ಒಂದು ದಾರಿಯನ್ನು ಮುದ್ರಿಸಿರಿ ಎಂಬ ಪ್ರಶ್ನೆಯಿತ್ತು. ಅಂಥ ದಾರಿಗಳು ಹಲವಿದ್ದರೂ ಆ ತಾಣ ಒಂದೇ ಉತ್ತರವನ್ನು ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು. ಸರಿಯಾಗಿ ಬರೆದ ಮಕ್ಕಳು ತಮ್ಮ ಕೋಡ್‌ನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಗಂಟೆ ಕಳೆದುಕೊಂಡದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಸಂಖ್ಯೆ, ಪದ, ಸಾಲುಗಳನ್ನು ಹೋಲಿಸುವ ಚೆಕರ್‌ಗಳು ಪಾಲಿಗನ್‌ನಲ್ಲಿ ಸಿದ್ಧವಾಗಿಯೇ ಇವೆ. ಇಂಥ ಪ್ರಶ್ನೆಗಾದರೆ, ಕೊಟ್ಟ ದಾರಿ ನಿಜವಾಗಿಯೂ ಇದೆಯೇ, ಅದರ ಉದ್ದ ಸರಿಯೇ ಎಂದು ಪರಿಶೀಲಿಸುವ ಚೆಕರ್ ನಾವೇ ಬರೆಯಬಹುದು, ಮಾತ್ರವಲ್ಲ, ಆ ಚೆಕರನ್ನೇ ಪರೀಕ್ಷಿಸುವ ಟೆಸ್ಟ್‌ಗಳನ್ನೂ ಸೇರಿಸಬಹುದು.

ಸಿ++ ಬಾರದವರಿಗೆ ನಾನು ಇದನ್ನು ಸುಲಭವಾಗಿ ಶಿಫಾರಸು ಮಾಡಲಾರೆ. ಮೊದಲ ಪ್ರಶ್ನೆಗೆ ನನಗೆ ಎರಡು ವಾರ ಹಿಡಿದಿತ್ತು. ಪ್ರಶ್ನೆಯ ಬರಹ ಸ್ಪಷ್ಟವಾಗಿದೆಯೇ ಎಂಬುದನ್ನೂ ಯಾವ ಉಪಕರಣವೂ ಹೇಳಲಾರದು. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಅದರ ಉತ್ತರ ತಿಳಿಯದ ಒಬ್ಬರಿಗೆ ಕೊಟ್ಟು, ಅರ್ಥವಾದದ್ದನ್ನು ಅವರ ಮಾತಿನಲ್ಲಿಯೇ ಹೇಳಿಸಿಕೊಳ್ಳುತ್ತೇನೆ. ಕಳೆದ ಸ್ಪರ್ಧೆಯಲ್ಲಿ ಎರಡನೇ ವರ್ಷದ ಹುಡುಗನೊಬ್ಬ, ಅರೇಯ (ಸಾಲಾಗಿ ಜೋಡಿಸಿದ ಅಂಶಗಳ ಪಟ್ಟಿಯ) ಒಂದು ಭಾಗ ಎಂದರೆ ನಡುವಿನ ಅಂಶಗಳನ್ನು ಬಿಟ್ಟೂ ಆರಿಸಬಹುದೆಂದು ತಿಳಿದಿದ್ದ. ನಾವು ಕೊಟ್ಟಿದ್ದ ಉದಾಹರಣೆ ಎರಡೂ ಅರ್ಥಕ್ಕೆ ಹೊಂದುತ್ತಿತ್ತು. "ಸತತ" ಎಂಬ ಪದವನ್ನು ಸೇರಿಸಿದ್ದಲ್ಲದೆ, ಎರಡು ಅರ್ಥಗಳಿಗೆ ಎರಡು ಬೇರೆ ಉತ್ತರ ಬರುವಂತೆ ಉದಾಹರಣೆಯನ್ನೂ ಬದಲಿಸಿದೆವು.