ನೆರೂಡ ಮನೆಗೆಂದು ಹೋಗಿ ಬೇಲಿ ಮುಟ್ಟಿ ವಾಪಸ್ ಬರಬೇಡಿ

ಚಿಲಿಯ ರಾಜಧಾನಿ ಸಾಂಟಿಯಾಗೊದಿಂದ ‘ವಾಲ್ಪರೈಸೊ, ವಿನ್ಯಾ ದೆಲ್ ಮಾರ್, ಇಸ್ಲಾ ನೆಗ್ರಾ, ಮೂರೂ ಒಂದೇ ದಿನದಲ್ಲಿ’ ಎನ್ನುವ ಪ್ಯಾಕೇಜಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ಲೆಕ್ಕ ನೀವೇ ಹಾಕಿ. ವಾಲ್ಪರೈಸೊಗೆ ಸುಮಾರು 120 ಕಿ.ಮೀ., ಅಲ್ಲಿಂದ ದಕ್ಷಿಣಕ್ಕೆ ಇಸ್ಲಾ ನೆಗ್ರಾಕ್ಕೆ ಸುಮಾರು 80, ಮತ್ತೆ ಸಾಂಟಿಯಾಗೊಗೆ ನೂರಕ್ಕೂ ಹೆಚ್ಚು. ಐದು ಗಂಟೆ ವ್ಯಾನಿನಲ್ಲೇ ಹೋಯಿತು. ಇಸ್ಲಾ ನೆಗ್ರಾದಲ್ಲಿರುವ ಕವಿ ಪಾಬ್ಲೊ ನೆರೂಡ ಮನೆಯ ಬಾಗಿಲಿಗೆ ತಲುಪುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ.

ನಿಜವಾದ ಪೆಟ್ಟು ಬೀಳುವುದು ಟಿಕೆಟ್ ಕಿಟಕಿಯಲ್ಲಿ. ಬಿಡಿಯಾಗಿ ಬರುವವರಿಗೆ ಇಲ್ಲಿ ಮುಂಗಡ ಬುಕಿಂಗ್ ಇಲ್ಲದೆ, ಬಂದ ಸರದಿಯಂತೆ ಟಿಕೆಟ್ ಕೊಡುವುದೇ ರೂಢಿ. ಮನೆ ಹಡಗಿನಂತೆ ಉದ್ದಕ್ಕೆ ಚಾಚಿಕೊಂಡಿದೆ. ಬಾಗಿಲುಗಳು ಕಿರಿದು, ಹಾದಿ ಇಕ್ಕಟ್ಟು. ಹಾಗಾಗಿ ಒಂದು ಸಲಕ್ಕೆ ಕೆಲವರನ್ನಷ್ಟೇ ಒಳಗೆ ಬಿಡುತ್ತಾರೆ. ಜನವರಿ, ಫೆಬ್ರವರಿ ಅಲ್ಲಿ ಬೇಸಿಗೆ ರಜೆ. ಆಗ ತಡವಾಗಿ ಹೋದವರಿಗೆ ಎರಡು ಮೂರು ಗಂಟೆ ನಂತರದ ಸರದಿ ಸಿಗಬಹುದು. ಪ್ಯಾಕೇಜಿನವರು ಕೊಟ್ಟಿರುವುದು ಒಂದು ಗಂಟೆ. ಆಮೇಲೆ ಉಳಿಯುವುದು ಹೊರಗಿನ ಫೋಟೊ ಮಾತ್ರ. ‘ಪ್ರವೇಶ ಶುಲ್ಕ ಸೇರಿಲ್ಲ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ, ಒಳಗೆ ಕರೆದೊಯ್ಯುವ ಹೊಣೆಯೂ ಅವರದಲ್ಲ ಎಂದೇ ತಿಳಿಯಿರಿ.

ಇನ್ನೊಂದು ಮೋಸವಿದೆ. ನೆರೂಡ ಅವರ ಮನೆಗಳು ಮೂರು: ಸಾಂಟಿಯಾಗೊದ ಲಾ ಚಸ್ಕೋನಾ, ವಾಲ್ಪರೈಸೊ ಗುಡ್ಡದ ಮೇಲಿನ ಲಾ ಸೆಬಾಸ್ಟಿಯಾನಾ, ಮತ್ತು ಇಸ್ಲಾ ನೆಗ್ರಾದ ಈ ಮನೆ. ‘ಸಮುದ್ರ ಕಾಣುವ ನೆರೂಡ ಮನೆ’ ಎಂದಷ್ಟೇ ಹೇಳಿ ಲಾ ಸೆಬಾಸ್ಟಿಯಾನಾಕ್ಕೆ ಕರೆದೊಯ್ದರೆ ಮಾತು ಸುಳ್ಳಲ್ಲ, ಆದರೆ ನೀವು ಬಯಸಿದ ಮನೆ ಅದಲ್ಲ. ಕವಿಯ ಸಮಾಧಿ ಇರುವುದು ಇಸ್ಲಾ ನೆಗ್ರಾದಲ್ಲಿ. 1973ರಲ್ಲಿ ತೀರಿಕೊಂಡವರನ್ನು ಅವರ ಇಚ್ಛೆಯಂತೆ ಅಲ್ಲಿಗೆ ತಂದದ್ದು 1992ರ ಡಿಸೆಂಬರಿನಲ್ಲಿ; ಪಕ್ಕದಲ್ಲೇ ಹೆಂಡತಿ ಮಟಿಲ್ಡೆ. ಹೆಸರಿನಲ್ಲಿ ‘ಇಸ್ಲಾ’ ಇದ್ದರೂ ಅದು ದ್ವೀಪವಲ್ಲ, ದೋಣಿ ಹುಡುಕಬೇಡಿ.

ಸೋಮವಾರ ಮೂರೂ ಮನೆಗೆ ಬೀಗ.

ಇಷ್ಟು ಒತ್ತಿ ಹೇಳಲು ಕಾರಣ, ಒಳಗಿರುವುದನ್ನು ಓಡುತ್ತ ನೋಡಲಾಗದು. ಹಡಗಿನ ಮೂತಿಗೆ ಕೂರಿಸುತ್ತಿದ್ದ ಮರದ ಹೆಣ್ಣುವಿಗ್ರಹಗಳ ನಡುವೆ ಮರಿಯಾ ಸೆಲೆಸ್ಟೆ ಎಂಬುದೊಂದಿದೆ. ಚಳಿಗಾಲದಲ್ಲಿ ಅದರ ಗಾಜಿನ ಕಣ್ಣಿಂದ ನೀರಿಳಿಯುತ್ತದೆಂದು ನೆರೂಡ ಬರೆದಿದ್ದಾರೆ. ಅಲೆಯಲ್ಲಿ ತೇಲುತ್ತಿದ್ದ ಹಡಗಿನ ಹಲಗೆ ದಡಕ್ಕೆ ಬರುವವರೆಗೂ ಕಾದು, ಅದನ್ನೇ ಬರೆಯುವ ಮೇಜು ಮಾಡಿಕೊಂಡರು. ತೊಲೆಗಳ ಮೇಲೆ ತೀರಿಹೋದ ಗೆಳೆಯರ ಹೆಸರು ಕೊರೆದಿದೆ. ಆಡಿಯೋ ಗೈಡ್ ಕೇಳುತ್ತ ನಡೆದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ.

ಹಾಗಾದರೆ ಹೋಗುವುದು ಹೇಗೆ? ಸಾಂಟಿಯಾಗೊದ ಅಲಮೇಡಾ ಬಸ್ ನಿಲ್ದಾಣಕ್ಕೆ ಮೆಟ್ರೋದಲ್ಲಿ ಹೋಗಿ, ‘ಯೂನಿವರ್ಸಿದಾದ್ ದೆ ಸಾಂಟಿಯಾಗೊ’ದಲ್ಲಿ ಇಳಿಯಬೇಕು. ಬೆಳಿಗ್ಗೆ ಎಂಟರೊಳಗಿನ ಬಸ್ ಹಿಡಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಊರು ತಲುಪುತ್ತೀರಿ, ಬಾಗಿಲು ತೆರೆಯುವ ಹೊತ್ತಿಗೆ. ಇಸ್ಲಾ ನೆಗ್ರಾ ಹಲವು ಬಸ್ಸುಗಳಿಗೆ ನಡುದಾರಿಯ ನಿಲುಗಡೆ, ಕೂಗಿ ಹೇಳುವವರಿಲ್ಲ. ಹತ್ತುವಾಗಲೇ ಚಾಲಕರಿಗೆ ‘ಕಾಸಾ ದೆ ನೆರೂಡ’ ಎಂದು ತಿಳಿಸಿ. ಮೊದಲು ಟಿಕೆಟ್ ತೆಗೆದುಕೊಳ್ಳಿ, ತಿಂಡಿ ಆಮೇಲೆ.

ಸಸ್ಯಾಹಾರಿಗಳು ಕರಿಗಡುಬಿನಂತೆ ಹೂರಣ ತುಂಬಿದ ಎಂಪನಾಡಾ ಕೊಳ್ಳುವಾಗ ಜೋಪಾನ. ‘ಪೀನೊ’ ಎಂದರೆ ದನದ ಮಾಂಸದ ಹೂರಣ. ಜೊತೆಗೆ ಈರುಳ್ಳಿ, ಮೊಟ್ಟೆ, ಆಲಿವ್ ಇರುತ್ತದೆ. ‘ಕೇಸೊ’ ಎಂದರೆ ಚೀಸ್ ಹಾಕಿದ್ದು, ಅದನ್ನು ಕೇಳಿ. ‘ಪಾನ್ ಅಮಸಾದೊ’ ಎಂಬ ಮನೆಬ್ರೆಡ್ಡಿಗೂ ವಾಡಿಕೆಯಲ್ಲಿ ಪ್ರಾಣಿಗಳ ಕೊಬ್ಬು ಬೆರೆಸುತ್ತಾರೆ.

ಮನೆಯ ಕೆಳಗಿನ ಬಂಡೆಗಳ ಬಳಿ ನೀರಿಗಿಳಿಯಬೇಡಿ. ಹಂಬೋಲ್ಟ್ ಎಂಬ ತಣ್ಣನೆಯ ಸಾಗರ ಪ್ರವಾಹದಿಂದಾಗಿ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಅಲೆಗಳು ಹೇಳದೆ ಕೇಳದೆ ಬಂಡೆ ದಾಟಿ ಬರುತ್ತವೆ. ಬಿಸಿಲಿದ್ದರೂ ಒಂದು ಸ್ವೆಟರ್ ಇರಲಿ. ವಾಪಸ್ ಟಿಕೆಟನ್ನು ಹೊರಡುವಾಗಲೇ ತೆಗೆದಿಡಿ, ಭಾನುವಾರವಾದರಂತೂ ಮರೆಯಬೇಡಿ. ಆ ಸಂಜೆ ಕರಾವಳಿಯ ಬೇರೆ ಊರುಗಳಲ್ಲೇ ತುಂಬಿಕೊಂಡ ಬಸ್ಸುಗಳು ನಿಲ್ಲದೆ ಹೋಗಿಬಿಡುತ್ತವೆ.