ಹಳೆಯ ಟ್ರ್ಯಾಕ್ಟರಿನ ಬ್ಯಾಟರಿಗೆ 10 ವ್ಯಾಟ್ ಪ್ಯಾನೆಲ್ ಸಾಕು

ನಮ್ಮ ಮನೆಯ ಟ್ರ್ಯಾಕ್ಟರು ಹರಿಯಾಣದ ಪಿಂಜೋರಿನಲ್ಲಿ ತಯಾರಾದ, 35 ಅಶ್ವಶಕ್ತಿಯ ಹಳೆಯ ಎಚ್‌ಎಂಟಿ. ಅಪ್ಪ ತಂದದ್ದು, ಎಂಜಿನ್ ಇಂದಿಗೂ ಗಟ್ಟಿಯಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಗೋವಿನಜೋಳದ ಒಕ್ಕಲು ಮುಗಿದ ಮೇಲೆ ಅದಕ್ಕೆ ದಿನನಿತ್ಯದ ಕೆಲಸವಿರುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಹೊಲದಂಚಿನ ತಗಡಿನ ಶೆಡ್ಡಿನಲ್ಲೇ ನಿಂತಿರುತ್ತದೆ. ಮೊದಲ ಅಡ್ಡಮಳೆ ಬಿದ್ದ ಮರುದಿನ, ಹದ ಆರುವುದರೊಳಗೆ ರಂಟೆ ಹೊಡೆಯಬೇಕೆಂದು ಕೀಲಿ ತಿರುಗಿಸಿದರೆ ಸೆಲ್ಫ್ ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಹೀಗೆ ಐದು ವರ್ಷಗಳಲ್ಲಿ ಎರಡು ಬ್ಯಾಟರಿಗಳು ಹೋದವು. ಕೊನೆಯದಕ್ಕೆ ನಾನು ಕೊಟ್ಟದ್ದು 7,200 ರೂಪಾಯಿ. ಆ ಮೇಲೆ ಮೂರು ಬೇಸಿಗೆಗಳಲ್ಲಿ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದ್ದೇನೆ. ಶೆಡ್ಡಿನ ಮೇಲೆ 10 ವ್ಯಾಟ್‌ನ ಸೋಲಾರ್ ಪ್ಯಾನೆಲ್, ನಡುವೆ ಒಂದು ಚಾರ್ಜ್ ಕಂಟ್ರೋಲರ್ (ಬ್ಯಾಟರಿ ತುಂಬಿದಾಗ ಚಾರ್ಜ್ ನಿಲ್ಲಿಸುವ ಸಣ್ಣ ಪೆಟ್ಟಿಗೆ): ಈಗ ಉಳಿದಿರುವುದು ಇದೊಂದೇ, ಇನ್ನು ಬದಲಾಯಿಸುವ ಮನಸ್ಸೂ ನನಗಿಲ್ಲ.

ಬ್ಯಾಟರಿ ಸಾಯುವುದು ನಾವು ಬಳಸಿದ್ದರಿಂದಲ್ಲ, ಬಳಸದೆ ಬಿಟ್ಟದ್ದರಿಂದ. ಲೆಡ್-ಆಸಿಡ್ ಬ್ಯಾಟರಿ ಯಾವ ತಂತಿಯನ್ನೂ ಜೋಡಿಸದೆ ಇಟ್ಟರೂ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. ಬಿಸಿಲು ಏರಿದಷ್ಟೂ ಈ ಇಳಿತ ಹೆಚ್ಚು, ತಗಡಿನ ಶೆಡ್ಡಿನಲ್ಲಿ ಇನ್ನೂ ಹೆಚ್ಚು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್‌ಗಿಂತ ತುಸು ಮೇಲೆ ತೋರಿಸಿದರೆ, ಅರ್ಧ ಇಳಿದದ್ದು 12.2ರ ಆಸುಪಾಸಿನಲ್ಲಿರುತ್ತದೆ. ಅದೇ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿಯಾಗಿ ಬಿಡುವುದಿಲ್ಲ. ಹಾಗಾಗಿ ನಮಗೆ ಬೇಕಾದದ್ದು ಸತ್ತ ಬ್ಯಾಟರಿಯನ್ನು ಎಬ್ಬಿಸುವ ಸಾಧನವಲ್ಲ, ದಿನದಿನದ ಸಣ್ಣ ಇಳಿತವನ್ನು ದಿನದಿನವೇ ತುಂಬಿಕೊಡುವ ಸಾಧನ. ಇದು ಮೊದಲೇ ನನಗೆ ಹೊಳೆದಿದ್ದರೆ ಸಾಕಷ್ಟು ಹಣ ಉಳಿಯುತ್ತಿತ್ತು.

ವಾರಕ್ಕೊಮ್ಮೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಇಪ್ಪತ್ತು ನಿಮಿಷ ಬಿಡುವುದು ಊರಿನವರೆಲ್ಲ ಹೇಳುವ ಉಪಾಯ. ನಮ್ಮ ಗಾಡಿಯಲ್ಲಿರುವುದು ಹಳೆಯ ಡೈನಮೊ. ಎಂಜಿನ್ ನಿಧಾನವಾಗಿ ಓಡುವಾಗ ಅದು ಹೇಳಿಕೊಳ್ಳುವಷ್ಟು ಕರೆಂಟನ್ನೇ ಕೊಡುವುದಿಲ್ಲ. ಡೀಸೆಲ್ ಸುಟ್ಟದ್ದಷ್ಟೇ ಬಂತು. ಮೈನಸ್ ಟರ್ಮಿನಲ್ ಬಿಚ್ಚಿಡುವುದು ಒಳ್ಳೆಯ ಅಭ್ಯಾಸ, ಖರ್ಚಿಲ್ಲ, ಆದರೆ ಅದು ಹೊರಗಿನ ಸೋರಿಕೆಯನ್ನು ಮಾತ್ರ ತಡೆಯುತ್ತದೆ.

ಕರೆಂಟಿನ ಆಟೊಮ್ಯಾಟಿಕ್ ಚಾರ್ಜರ್ ಮನೆಯ ಪಕ್ಕದಲ್ಲೇ ಟ್ರ್ಯಾಕ್ಟರ್ ನಿಲ್ಲಿಸುವವರಿಗೆ ನಿಜಕ್ಕೂ ಚೆನ್ನಾಗಿದೆ. ನಮ್ಮ ಹೊಲದಲ್ಲಿರುವುದು ಪಂಪ್‌ಸೆಟ್ಟಿನ ಲೈನು ಮಾತ್ರ. ಅದು ದಿನಕ್ಕೆ ಕೆಲವು ಗಂಟೆ ಬರುತ್ತದೆ, ಕೆಲವೊಮ್ಮೆ ರಾತ್ರಿ ಪಾಳಿಯಲ್ಲಿ. ಬ್ಯಾಟರಿಯನ್ನೇ ಬಿಚ್ಚಿ ಮನೆಗೆ ಹೊತ್ತು ತರುವುದನ್ನು ಒಂದು ಬೇಸಿಗೆ ಮಾಡಿದೆ. ತೂಕವೂ ಹೆಚ್ಚು, ಆಸಿಡ್ ತಾಗಿ ಎರಡು ಅಂಗಿಗಳಲ್ಲಿ ತೂತು ಬಿದ್ದವು.

ಹೀಗಾಗಿ ಸೋಲಾರಿಗೆ ಬಂದೆ, ಮೊದಲ ಸಲವೇ ದೊಡ್ಡದನ್ನು ತಂದೆ. 40 ವ್ಯಾಟ್‌ನ ಪ್ಯಾನೆಲ್ ಮತ್ತು ಅಗ್ಗದ ಕಂಟ್ರೋಲರ್ ಸೇರಿ 3,100 ರೂಪಾಯಿ. ಪ್ಯಾನೆಲ್ ಶೆಡ್ಡಿನ ಮೇಲೆ, ಕಂಟ್ರೋಲರ್ ಕಂಬಕ್ಕೆ. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಮೈನಸ್ಸು ಬಾಡಿಗೇ ಕೂಡಿರುತ್ತದೆ, ಲೈಟು, ಹಾರ್ನು ಎಲ್ಲಕ್ಕೂ ಬಾಡಿಯೇ ವಾಪಸು ತಂತಿ. ಆ ರೂಢಿಯಲ್ಲೇ ತಂತಿ ಉಳಿಸೋಣವೆಂದು ಪ್ಯಾನೆಲ್ಲಿನ ಮೈನಸ್ಸನ್ನು ನೇರವಾಗಿ ಬಾಡಿಯ ಒಂದು ಬೋಲ್ಟಿಗೆ ಬಿಗಿದೆ, ಕಂಟ್ರೋಲರಿನ ಬ್ಯಾಟರಿ ಮೈನಸ್ಸನ್ನೂ ಅದೇ ಬೋಲ್ಟಿಗೆ ತಂದೆ. ಕಂಟ್ರೋಲರಿನ ಪರದೆಯ ಮೇಲೆ ಬ್ಯಾಟರಿ ತುಂಬಿದ ಗುರುತು ಬಂತು, ನನಗೆ ಸಮಾಧಾನವಾಯಿತು.

ಮೂರು ವಾರಗಳ ನಂತರ ಒಂದು ಮಧ್ಯಾಹ್ನ ಶೆಡ್ಡಿಗೆ ಹೋದಾಗ ಮೂಗಿಗೆ ಹುಳಿ ಘಾಟು ಬಡಿಯಿತು. ಬ್ಯಾಟರಿಯ ಮೇಲ್ಭಾಗ ಒದ್ದೆಯಾಗಿತ್ತು, ಪ್ಲಸ್ ಟರ್ಮಿನಲ್ ಸುತ್ತ ನೀಲಿ-ಬಿಳಿ ಪುಡಿ ಕಟ್ಟಿತ್ತು. ಕಿವಿ ಹತ್ತಿರ ಒಯ್ದರೆ ಒಳಗೆ ಅನ್ನ ಕುದಿಯುವಂತೆ ಸಣ್ಣ ಗುಳುಗುಳು ಸದ್ದು ಕೇಳಿಸುತ್ತಿತ್ತು. ಮುಚ್ಚಳ ಬಿಚ್ಚಿ ನೋಡಿದೆ: ಆರೂ ಸೆಲ್ಲುಗಳಲ್ಲಿ ನೀರು ಪ್ಲೇಟಿಗಿಂತ ಕೆಳಗೆ ಇಳಿದಿತ್ತು. ಮಲ್ಟಿಮೀಟರ್ 15.3 ವೋಲ್ಟ್ ತೋರಿಸಿತು. 14.4 ದಾಟಬಾರದ ಕಡೆ 15.3! ಪರದೆಯ ಮೇಲೆ ಮಾತ್ರ ಚಾರ್ಜಿಂಗ್ ನಿಂತಿದೆ ಎಂಬ ಗುರುತೇ ಇತ್ತು. ಕಂಟ್ರೋಲರ್ ಕೆಟ್ಟಿದೆ ಎಂದುಕೊಂಡು ಬದಲಾಯಿಸಿ ತಂದೆ. ಹೊಸದೂ ಹಾಗೆಯೇ ಮಾಡಿತು.

ಕೊನೆಗೆ ಆ ಕಂಟ್ರೋಲರನ್ನು ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಒಯ್ದೆ. ಅವರು ಮೀಟರಿನ ಎರಡು ಮೊನೆಗಳನ್ನು ಅದರ ಪ್ಯಾನೆಲ್ ಪ್ಲಸ್ಸಿಗೂ ಬ್ಯಾಟರಿ ಪ್ಲಸ್ಸಿಗೂ ಮುಟ್ಟಿಸಿದರು, ಮೀಟರ್ ಕುಂಯ್ ಎಂದಿತು. “ಅಣ್ಣಾರ, ಇದು ಪ್ಲಸ್ ಮುಟ್ಟಂಗಿಲ್ಲ, ಮೈನಸ್ ಅಷ್ಟ ಕಡೀತೈತಿ. ನೀವು ಮೈನಸ್ಸಿಗೆ ಬ್ಯಾರೆ ದಾರಿ ಮಾಡಿ ಕೊಟ್ಟೀರಿ,” ಎಂದರು. ಅಷ್ಟೇ ವಿಷಯ. ಅಗ್ಗದ ಕಂಟ್ರೋಲರುಗಳು ಬಹುಪಾಲು ಹೀಗೆಯೇ ಇರುತ್ತವೆ: ಒಳಗೆ ಎರಡೂ ಪ್ಲಸ್ಸುಗಳು ಒಂದೇ, ಚಾರ್ಜ್ ನಿಲ್ಲಿಸುವ ಸ್ವಿಚ್ಚು ಮೈನಸ್ ಬದಿಯಲ್ಲಿ. ನಾನು ಎರಡು ಮೈನಸ್ಸುಗಳನ್ನೂ ಬಾಡಿಯಲ್ಲಿ ಕೂಡಿಸಿದ್ದರಿಂದ ಆ ಸ್ವಿಚ್ಚು ತೆರೆದರೂ ಕರೆಂಟು ಬಾಡಿಯ ಮೂಲಕ ಸುತ್ತಿ ಹರಿಯುತ್ತಲೇ ಇತ್ತು. ಬಿಸಿಲಿನಲ್ಲಿ 40 ವ್ಯಾಟ್ ಪ್ಯಾನೆಲ್ ಸುಮಾರು 2.2 ಆಂಪಿಯರ್ ಕೊಡುತ್ತದೆ. ಐದು ಗಂಟೆಗೆ 11 ಆಂಪಿಯರ್-ಗಂಟೆ. ತುಂಬಿದ ಬ್ಯಾಟರಿಗೆ ಹೋದ ಪ್ರತಿ 3 ಆಂಪಿಯರ್-ಗಂಟೆಗೆ ಒಂದೊಂದು ಸೆಲ್ಲಿನಿಂದ ಸುಮಾರು 1 ಮಿಲಿಲೀಟರ್ ನೀರು ಗಾಳಿಯಾಗಿ ಹೋಗುತ್ತದೆ, ಆ ಗಾಳಿಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಇರುತ್ತದೆ. ಪಕ್ಕದಲ್ಲೇ ಮೇವು ಒಟ್ಟಿದ್ದ ಆ ಶೆಡ್ಡಿನಲ್ಲಿ ಯಾರೂ ಬೀಡಿ ಹಚ್ಚಲಿಲ್ಲವೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಪರಿಹಾರಕ್ಕೆ ಬೇಕಾದದ್ದು ಹತ್ತು ಮೀಟರ್ ತಂತಿ. ಪ್ಯಾನೆಲ್ಲಿನ ಪ್ಲಸ್, ಮೈನಸ್ ಎರಡೂ ಕಂಟ್ರೋಲರಿಗೇ ಬರಬೇಕು, ನಡುವೆ ಎಲ್ಲಿಯೂ ಬಾಡಿಯನ್ನು ಮುಟ್ಟಬಾರದು. ಕಂಟ್ರೋಲರಿನಿಂದ ಇನ್ನೆರಡು ತಂತಿಗಳು ನೇರ ಬ್ಯಾಟರಿಯ ಟರ್ಮಿನಲ್ಲುಗಳಿಗೆ ಹೋಗಬೇಕು. ಪ್ಯಾನೆಲ್ಲಿನ ಅಲ್ಯೂಮಿನಿಯಂ ಚೌಕಟ್ಟು ತಗಡಿಗೆ ತಾಗಿದರೆ ತೊಂದರೆಯಿಲ್ಲ. ಜೋಡಿಸುವಾಗ ಮೊದಲು ಬ್ಯಾಟರಿ, ಆ ಮೇಲೆ ಪ್ಯಾನೆಲ್. ಬ್ಯಾಟರಿಯ ಬದಿಯಲ್ಲಿ ಸಣ್ಣ ಫ್ಯೂಸ್ ಇರಲಿ.

ಕಂಟ್ರೋಲರೇ ಇಲ್ಲದೆ 5 ವ್ಯಾಟ್‌ನ ಪ್ಯಾನೆಲ್ ನೇರ ಜೋಡಿಸುವುದನ್ನೂ ನೋಡಿದೆ. 0.3 ಆಂಪಿಯರಿಗೆ ನಮ್ಮ 80 ಆಂಪಿಯರ್-ಗಂಟೆಯ ಬ್ಯಾಟರಿ ಕುದಿಯುವುದಿಲ್ಲ, ರಾತ್ರಿ ಕರೆಂಟು ಹಿಂದಕ್ಕೆ ಹರಿಯದಂತೆ ಒಂದು ಡಯೋಡ್ ಇದ್ದರೆ ಸಾಕು. ಆದರೂ ನಾಲ್ಕು ತಿಂಗಳು ಯಾರೂ ನೋಡದೆ ಬಿಡುವ ಕಡೆ ನೀರಿನ ಮಟ್ಟದ ಚಿಂತೆ ತಪ್ಪಲಿಲ್ಲ.

10 ವ್ಯಾಟ್‌ನದು ನನಗೆ 850 ರೂಪಾಯಿಗೆ ಸಿಕ್ಕಿತು, ಕಂಟ್ರೋಲರ್ ಮೊದಲಿನದೇ. ಬಿಸಿಲಿದ್ದ ದಿನ ಎರಡೂವರೆ ಆಂಪಿಯರ್-ಗಂಟೆಗಿಂತ ಹೆಚ್ಚು ಕೊಡುತ್ತದೆ. ನಮ್ಮ ಬ್ಯಾಟರಿ ತಿಂಗಳಿಗೆ ನೂರಕ್ಕೆ ಹದಿನೈದು ಪಾಲು ಇಳಿಯುತ್ತದೆಂದೇ ಹಿಡಿದರೂ ದಿನಕ್ಕೆ ಬೇಕಾದದ್ದು 0.4, ಕಂಟ್ರೋಲರ್ ತಾನು ತಿನ್ನುವುದು ಇನ್ನೊಂದು 0.25ರಷ್ಟು; ಹಾಗಾಗಿ ಮೋಡದ ದಿನಗಳಲ್ಲೂ ಕೊರತೆಯಾಗುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿ ಕೂರಿಸಿದ್ದೇನೆ. ಒಕ್ಕಲಿನ ದೂಳು ಕೂತಾಗ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಮುಖ್ಯವಾದದ್ದು, ಏನಾದರೂ ಕೈತಪ್ಪಿದರೂ ಇದು ಮಾಡುವ ಹಾನಿ ದೊಡ್ಡದರ ಕಾಲು ಭಾಗ ಮಾತ್ರ. ಈ ಏಪ್ರಿಲ್ಲಿನಲ್ಲಿ ಬೆಳಗಿನ ಜಾವ, ಬಿಸಿಲು ಬೀಳುವ ಮುಂಚೆ ಅಳೆದಾಗ 12.7 ಇತ್ತು, ನಾಲ್ಕು ತಿಂಗಳಲ್ಲಿ ಹಾಕಿದ ಡಿಸ್ಟಿಲ್ಡ್ ವಾಟರ್ ಅರ್ಧ ಲೋಟ.

ತೀರ್ಥಹಳ್ಳಿಯ ನಮ್ಮ ಭಾವನವರಿಗೆ ಮಾತ್ರ ಇದನ್ನು ಹೇಳಲಿಲ್ಲ. ಅವರ ಮಿನಿ ಟ್ರ್ಯಾಕ್ಟರು ಅಡಿಕೆ ತೋಟದ ನೆರಳಿನಲ್ಲಿ, ಮನೆಯ ಗೋಡೆಗೆ ಒತ್ತಿ ನಿಲ್ಲುತ್ತದೆ. ಅಲ್ಲಿಗೆ ಆಟೊಮ್ಯಾಟಿಕ್ ಚಾರ್ಜರನ್ನೇ ಕೊಡಿಸಿದೆ.