ಕಲ್ನಾರಿನ ಕಾಯಿಲೆಗೆ ಸಿಗುವ ಹೆಚ್ಚುವರಿ ಪರಿಹಾರ: ನಾವು ಕಳೆದುಕೊಂಡ ಏಳು ತಿಂಗಳು

ನಾನು ಶಿವಮೊಗ್ಗದವಳು, ಮದುವೆಯಾಗಿ ಅಮೆರಿಕದ ವರ್ಜೀನಿಯಾಕ್ಕೆ ಬಂದವಳು. ನನ್ನ ಮಾವನವರು ಅಲ್ಲಿಯವರೇ. 1966ರಿಂದ 1970ರವರೆಗೆ ನೌಕಾಪಡೆಯ ಹಡಗೊಂದರ ಬಾಯ್ಲರ್ ಕೋಣೆಯಲ್ಲಿ ದುಡಿದಿದ್ದರು. ಆ ಕಾಲದ ಹಡಗುಗಳಲ್ಲಿ ಉಗಿ ಕೊಳವೆಗಳಿಗೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಹೊದಿಕೆ ಸುತ್ತುತ್ತಿದ್ದರು. ದುರಸ್ತಿಗೆಂದು ಅದನ್ನು ಕಿತ್ತಾಗ ಬಿಳಿ ಪುಡಿ ಹಿಟ್ಟಿನಂತೆ ಅಂಗಿಯ ಮೇಲೆ ಕೂರುತ್ತಿತ್ತೆಂದೂ, ಕೊಡವಿಕೊಂಡು ಹಾಗೆಯೇ ಊಟಕ್ಕೆ ಹೋಗುತ್ತಿದ್ದೆವೆಂದೂ ಅವರು ಹೇಳುತ್ತಿದ್ದರು. ಈ ಪುಡಿ ತರುವ ಕಾಯಿಲೆ ಹಲವು ದಶಕಗಳ ನಂತರ ತಲೆಯೆತ್ತುತ್ತದೆ. 2023ರ ಮಾರ್ಚ್‌ನಲ್ಲಿ ಅವರಿಗೆ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು.

ಮಾಜಿ ಯೋಧರ ವ್ಯವಹಾರಗಳ ಇಲಾಖೆ, ಎಲ್ಲರೂ ವಿ.ಎ. ಎನ್ನುವುದು, ಸೇವೆಯಿಂದ ಬಂದ ಮೆಸೊಥೆಲಿಯೋಮಾಕ್ಕೆ ನೂರಕ್ಕೆ ನೂರು ಅಂಗವೈಕಲ್ಯವೆಂದು ಪರಿಹಾರ ಕೊಡುತ್ತದೆ. ಆ ಬೇಸಿಗೆಯಲ್ಲಿ ಅದು ಮಂಜೂರಾಯಿತು. ನೂರಾದ ಮೇಲೆ ಇನ್ನೇನಿದೆ ಎಂದು ನಾವು ಭಾವಿಸಿದ್ದೆವು. ಆದರೆ ಅದಕ್ಕೂ ಮೇಲೆ ವಿಶೇಷ ಮಾಸಿಕ ಪರಿಹಾರ ಎಂಬುದೊಂದಿದೆ. ಸ್ನಾನ, ಬಟ್ಟೆ, ಊಟ, ಶೌಚ ಇಂಥ ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ನಿಯಮಿತವಾಗಿ ಬೇಕಾದವರಿಗೆ ಎಲ್ ಎಂಬ ಮಟ್ಟ, ಕಾಯಿಲೆಯಿಂದಾಗಿ ಮನೆ ಬಿಟ್ಟು ಹೊರಡಲಾಗದವರಿಗೆ ಎಸ್ ಎಂಬ ಮಟ್ಟ. 2024ರ ದರದಂತೆ ಅವಲಂಬಿತರಿಲ್ಲದ ಯೋಧನಿಗೆ ನೂರರ ಪರಿಹಾರ ತಿಂಗಳಿಗೆ ಸುಮಾರು 3,737 ಡಾಲರ್. ಎಲ್ ಮಟ್ಟದಲ್ಲಿ ಅದರ ಬದಲಿಗೆ ಸುಮಾರು 4,651 ಡಾಲರ್. ಇದಕ್ಕೆ ತೆರಿಗೆಯಿಲ್ಲ, ಆದಾಯದ ಮಿತಿಯೂ ಇಲ್ಲ.

ಸೆಪ್ಟೆಂಬರ್ ಹೊತ್ತಿಗೆ ಮಾವನವರು ಅಂಗಿಯ ಎರಡನೆಯ ಗುಂಡಿಗೆ ಬರುವಷ್ಟರಲ್ಲಿ ಕೈ ಇಳಿಸಿ, ಮಂಚದ ಅಂಚು ಹಿಡಿದು ಉಸಿರಿಗಾಗಿ ಕಾಯುತ್ತಿದ್ದರು. ಉಳಿದ ಗುಂಡಿಗಳನ್ನು ಅತ್ತೆ ಹಾಕುತ್ತಿದ್ದರು. ಆಗ ಪರಿಚಿತರೊಬ್ಬರು ಖಾಸಗಿ ಸಲಹಾ ಸಂಸ್ಥೆಯೊಂದನ್ನು ಸೂಚಿಸಿದರು. ನೆರವಿನ ಭತ್ಯೆ ಕೊಡಿಸುತ್ತೇವೆ, ಪ್ರತಿಯಾಗಿ ಹೆಚ್ಚಾಗುವ ಐದು ತಿಂಗಳ ಹಣ ಕೊಡಿ ಎಂದರು. ನಾವು ಸಹಿ ಹಾಕಿದೆವು. ಆಮೇಲೆ ಅವರು ಕೇಳಿದ್ದೆಲ್ಲ ಬ್ಯಾಂಕ್ ಲೆಕ್ಕ, ಮನೆಯ ಬೆಲೆ, ಉಳಿತಾಯದ ವಿವರ. ಆಸ್ತಿಯನ್ನು ಬೇರೆ ರೀತಿಯಲ್ಲಿ ಜೋಡಿಸದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದು ತಿಂಗಳುಗಟ್ಟಲೆ ಹೇಳಿದರು.

ಮೋಸ ಇದ್ದದ್ದು ಇಲ್ಲಿಯೇ. ನೆರವಿನ ಭತ್ಯೆ ಎಂಬ ಒಂದೇ ಹೆಸರಿನಲ್ಲಿ ವಿ.ಎ.ಯಲ್ಲಿ ಎರಡು ಸೌಲಭ್ಯಗಳಿವೆ. ಒಂದು, ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದ ಕಡಿಮೆ ಆದಾಯದವರ ಪಿಂಚಣಿಯೊಂದಿಗೆ ಬರುವಂಥದ್ದು; ಅದಕ್ಕೆ ಆಸ್ತಿ ಲೆಕ್ಕ ಬೇಕು. ಇನ್ನೊಂದು, ಸೇವೆಯಿಂದ ಬಂದ ಕಾಯಿಲೆಯ ಪರಿಹಾರದೊಂದಿಗೆ ಬರುವಂಥದ್ದು, ಅದಕ್ಕೆ ಬೇಡ. ನಮಗೆ ಸಲ್ಲಬೇಕಾದದ್ದು ಎರಡನೆಯದು, ಅಂದರೆ ಮೇಲೆ ಹೇಳಿದ ಎಲ್ ಮಟ್ಟ. ಪಿಂಚಣಿ, ಪರಿಹಾರ ಎರಡನ್ನೂ ಒಟ್ಟಿಗೆ ಪಡೆಯಲು ಬರುವುದೂ ಇಲ್ಲ. ಅಂದರೆ ಆ ಕಾಗದಪತ್ರಗಳಲ್ಲಿ ಒಂದೂ ನಮಗೆ ಬೇಕಿರಲಿಲ್ಲ.

2024ರ ಏಪ್ರಿಲ್‌ನಲ್ಲಿ, ಮಾಜಿ ಯೋಧರ ಅರ್ಜಿಗಳಿಗೆ ನೆರವಾಗುವ ಸೇವಾಧಿಕಾರಿಯೊಬ್ಬರ ಬಳಿಗೆ ಹೋದೆವು. ಅವರು ಶುಲ್ಕ ಕೇಳಲಿಲ್ಲ. ವಿ.ಎ.ಗೆ ನಮ್ಮ ಕಡೆಯಿಂದ ಈ ಬಗ್ಗೆ ಒಂದು ಹಾಳೆಯೂ ಹೋಗಿಲ್ಲವೆಂದು ಕೆಲವೇ ನಿಮಿಷಗಳಲ್ಲಿ ತೋರಿಸಿಕೊಟ್ಟರು. ವಿ.ಎ.ಯ ಮಾನ್ಯತೆಯಿಲ್ಲದವರು ಇಂಥ ಅರ್ಜಿ ಸಿದ್ಧಪಡಿಸುವಂತಿಲ್ಲ, ಮಾನ್ಯತೆ ಪಡೆದ ವಕೀಲರು ಕೂಡ ಮೊದಲ ತೀರ್ಪು ಬರುವ ಮುನ್ನ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ಅಂದೇ. ಯಾರಿಗೆ ಮಾನ್ಯತೆಯಿದೆ ಎಂಬುದನ್ನು ವಿ.ಎ.ಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಸಹಿ ಹಾಕುವ ಮುನ್ನ ದಯವಿಟ್ಟು ನೋಡಿ.

ಅರ್ಜಿ ಸಲ್ಲಿಸುವ ಇರಾದೆಯನ್ನು ಅಂದೇ ದಾಖಲಿಸಿದೆವು. ಇದರಿಂದ ಆ ದಿನಾಂಕ ಒಂದು ವರ್ಷ ಕಾಯ್ದಿರುತ್ತದೆ; ಅಷ್ಟರೊಳಗೆ ಪೂರ್ಣ ಅರ್ಜಿ ಹಾಕಿದರೆ ಅದನ್ನು ಆ ದಿನವೇ ಹಾಕಿದಂತೆ ಎಣಿಸುತ್ತಾರೆ. ವೈದ್ಯರು ತುಂಬಬೇಕಾದದ್ದು ಫಾರಂ 21-2680. ಬದುಕುಳಿಯಲಾಗದಂಥ ಕಾಯಿಲೆಯಾದರೆ ಕಡತವನ್ನು ಬೇಗ ನೋಡಬೇಕೆಂದು ಕೋರುವ ಫಾರಂ 20-10207 ಕೂಡ ಇದೆ. ಎಲ್ ಮಟ್ಟ ಮಂಜೂರಾಯಿತು, ಆದರೆ ಏಪ್ರಿಲ್‌ನಿಂದ ಮಾತ್ರ. ಅಗತ್ಯ ಮೊದಲೇ ಇತ್ತೆಂದು ದಾಖಲೆಗಳಿಂದ ತಿಳಿದರೆ ಅರ್ಜಿಗಿಂತ ಒಂದು ವರ್ಷ ಹಿಂದಿನವರೆಗೂ ಎಣಿಸಲು ನಿಯಮದಲ್ಲಿ ಅವಕಾಶವಿದೆ. ನಮ್ಮ ದಾಖಲೆ ಅದನ್ನು ಹೇಳಲಿಲ್ಲ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಪ್ರತಿ ಭೇಟಿಯ ಟಿಪ್ಪಣಿಯಲ್ಲೂ ಇದ್ದದ್ದು ಒಂದೇ ಸಾಲು: ಉಸಿರಾಟದ ತೊಂದರೆ ಇದೆ, ಸ್ಥಿತಿ ಸ್ಥಿರವಾಗಿದೆ. ಹೇಗಿದ್ದೀರಿ ಎಂದು ವೈದ್ಯರು ಕೇಳಿದಾಗ ಮಾವನವರು, ಅವರ ಸ್ವಭಾವದಂತೆ, ಪರವಾಗಿಲ್ಲ ಎನ್ನುತ್ತಿದ್ದರು, ಪಕ್ಕದಲ್ಲಿದ್ದ ನಾನೂ ಸುಮ್ಮನಿರುತ್ತಿದ್ದೆ. ಯಾರು ಸ್ನಾನ ಮಾಡಿಸುತ್ತಾರೆ, ಎಷ್ಟು ಹೆಜ್ಜೆಗೆ ಕುಳಿತುಕೊಳ್ಳುತ್ತಾರೆ, ಒಬ್ಬರನ್ನೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ ಬರೆಸಬೇಕಿತ್ತು. ತಿಂಗಳಿಗೆ ಸುಮಾರು 900 ಡಾಲರಿನಂತೆ ಏಳು ತಿಂಗಳು, ಆರು ಸಾವಿರಕ್ಕೂ ಹೆಚ್ಚು. ರಾತ್ರಿ ಪಾಳಿಗೆ ಒಬ್ಬ ದಾದಿಯನ್ನು ಇಟ್ಟುಕೊಂಡು ಅತ್ತೆಗೆ ನಿದ್ದೆ ಕೊಡಬಹುದಾಗಿದ್ದ ಹಣ ಅದು.

ಮಾವನವರು ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತೀರ್ಪಿನ ಪತ್ರ ಬಂದ ಒಂದು ವರ್ಷದೊಳಗೆ ಮರುಪರಿಶೀಲನೆ ಕೇಳಬಹುದು. ಅವರು ಬದುಕಿದ್ದಾಗಲೇ ಕೇಳಿದ್ದ ಮರುಪರಿಶೀಲನೆ ಬಾಕಿ ಇದ್ದುದರಿಂದ, ಅದನ್ನು ತಮ್ಮ ಹೆಸರಿನಲ್ಲಿ ಮುಂದುವರಿಸಲು ಅತ್ತೆ ಅರ್ಜಿ ಹಾಕಿದರು. ಇದಕ್ಕೂ ಸಾವಿನ ದಿನದಿಂದ ಒಂದೇ ವರ್ಷದ ಗಡುವು. ಮನೆಯವರು ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟರೆ ಅದೂ ಸಾಕ್ಷ್ಯವಾಗುತ್ತದೆ ಎಂದು ಸೇವಾಧಿಕಾರಿ ಹೇಳಿದಾಗ, ಅತ್ತೆ ಅಡುಗೆಮನೆಯ ಗೋಡೆಯಿಂದ 2023ರ ಕ್ಯಾಲೆಂಡರನ್ನು ಇಳಿಸಿ ತಂದರು. ತಾವು ಸ್ನಾನ ಮಾಡಿಸಿದ ದಿನಗಳಿಗೆಲ್ಲ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗೀಟು ಎಳೆದಿದ್ದರು. ಮೊದಲ ಗೀಟು ಸೆಪ್ಟೆಂಬರ್ 11ರದು. ಆ ಪುಟಗಳ ಪ್ರತಿ ಈಗ ಕಡತದಲ್ಲಿದೆ. ತೀರ್ಪು ಇನ್ನೂ ಬಂದಿಲ್ಲ.